ಹಿಮ್ಮಡಿ ನೋವೇ? ಕಾರಣ ಮನೆಯೊಳಗೇ ಇರಬಹುದು!

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಊರುತ್ತಿದ್ದಂತೆಯೇ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಹ ನೋವು. ನಾಲ್ಕಾರು ಹೆಜ್ಜೆ ನಡೆದ ಮೇಲೆ ಕೊಂಚ ನಿರಾಳ. ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಅದೇ ಕಥೆ. ವಯಸ್ಸಾಯಿತು ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಪೆಟ್ಟು ಬೀಳದೆ, ಉಳುಕದೆ ಬರುವ ಪಾದದ ನೋವಿನ ಕಾರಣ ಅನೇಕ ವೇಳೆ ನಮ್ಮ ದಿನಚರಿಯಲ್ಲೇ ಅಡಗಿರುತ್ತದೆ.

ಒಂದು ಪಾದದಲ್ಲಿ 26 ಮೂಳೆಗಳಿವೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ದಪ್ಪ ಪಟ್ಟಿಗೆ 'ಪ್ಲಾಂಟಾರ್ ಫೇಶಿಯಾ' ಎಂದು ಹೆಸರು. ಬಿಲ್ಲಿಗೆ ಹೆದೆಯಿದ್ದಂತೆ ಇದು ಪಾದದ ಕಮಾನನ್ನು ಹಿಡಿದಿಡುತ್ತದೆ. ಇದರ ಮೇಲೆ ಒತ್ತಡ ಅತಿಯಾದಾಗ ನೋವು ಆರಂಭವಾಗುತ್ತದೆ. ರಾತ್ರಿ ಬಿಗಿದುಕೊಂಡ ಪಟ್ಟಿ ಬೆಳಿಗ್ಗೆ ಮೈಭಾರಕ್ಕೆ ಥಟ್ಟನೆ ಎಳೆಯಲ್ಪಡುವುದರಿಂದಲೇ ಮೊದಲ ಹೆಜ್ಜೆ ಅಷ್ಟು ಯಾತನಾಮಯ.

ಮೊದಲು ಅನುಮಾನಿಸಬೇಕಾದದ್ದು ಮನೆಯ ನೆಲವನ್ನು. ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಬರಿಗಾಲಿನಲ್ಲಿ ಗಂಟೆಗಟ್ಟಲೆ ನಿಂತು ಅಡುಗೆ ಮಾಡುವವರ ಹಿಮ್ಮಡಿಗೆ ಮೆತ್ತನೆಯ ಆಸರೆಯೇ ಇರುವುದಿಲ್ಲ. ಎರಡನೆಯದು, ಸವೆದು ತೆಳ್ಳಗಾದ ಹವಾಯಿ ಚಪ್ಪಲಿ. ಎತ್ತರದ ಹಿಮ್ಮಡಿಯ ಚಪ್ಪಲಿ ಭಾರವನ್ನೆಲ್ಲ ಮುಂಗಾಲಿಗೆ ದೂಡುತ್ತದೆ. ನಿತ್ಯ ಧರಿಸಿದರೆ ಮೀನಖಂಡವೂ ಬಿಗಿಯುತ್ತದೆ. ತೂಕ ಇಳಿಸುವ ಉತ್ಸಾಹದಲ್ಲಿ ಒಮ್ಮೆಲೇ ದೂರದ ವಾಕಿಂಗ್ ಆರಂಭಿಸುವುದೂ ನೋವಿಗೆ ಆಹ್ವಾನವೇ.

ಹಾಗಾದರೆ ಮಾಡಬೇಕಾದದ್ದೇನು? ಮನೆಯೊಳಗೆ ಓಡಾಡಲು ಮೆತ್ತನೆಯ ಚಪ್ಪಲಿಯೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ಏಳುವ ಮುನ್ನ ಟವೆಲ್ಲನ್ನು ಮುಂಗಾಲಿಗೆ ಸುತ್ತಿ ಮೆಲ್ಲನೆ ನಿಮ್ಮತ್ತ ಎಳೆಯಿರಿ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಹೊಸ ಪಾದರಕ್ಷೆಯನ್ನು ಸಂಜೆಯೇ ಕೊಳ್ಳುವುದು ಲೇಸು. ಎಕ್ಸ್-ರೇಯಲ್ಲಿ 'ಮೂಳೆ ಬೆಳೆದಿದೆ' ಎಂದು ಕಂಡರೂ ಗಾಬರಿ ಬೇಡ. ನೋವೇ ಇಲ್ಲದ ಅನೇಕರಲ್ಲೂ ಅದು ಇರುತ್ತದೆ. ಬಹುತೇಕರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುತ್ತದೆ. ಆದರೆ ಕೆಲವು ತಿಂಗಳುಗಳ ತಾಳ್ಮೆ ಬೇಕು.

ಎಲ್ಲ ನೋವೂ ಹಿಮ್ಮಡಿಯದ್ದಲ್ಲ. ಹೆಬ್ಬೆರಳಿನ ಬುಡ ಇದ್ದಕ್ಕಿದ್ದಂತೆ ಕೆಂಪಾಗಿ ಊದಿ, ಮುಟ್ಟಲೂ ಆಗದಂತಿದ್ದರೆ ಅದು ಯೂರಿಕ್ ಆಮ್ಲ ಹೆಚ್ಚಳದಿಂದ ಬರುವ ಗೌಟ್ ಇರಬಹುದು. ಊತ, ಜ್ವರ, ಜೋಮು ಇದ್ದರೆ, ಕಾಲೂರಲು ಸಾಧ್ಯವಾಗದಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು.

ಮಧುಮೇಹಿಗಳ ಪಾಲಿಗಂತೂ ನೋವಿಗಿಂತ ನೋವಿಲ್ಲದಿರುವುದೇ ಹೆಚ್ಚು ಅಪಾಯ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಸಕ್ಕರೆ ಅಂಶ ದೀರ್ಘಕಾಲ ಹೆಚ್ಚಿದ್ದರೆ ನರಗಳು ದುರ್ಬಲಗೊಂಡು ಪಾದ ಸ್ಪರ್ಶಜ್ಞಾನ ಕಳೆದುಕೊಳ್ಳುತ್ತದೆ. ಆಗ ಶೂ ಒಳಗಿನ ಸಣ್ಣ ಕಲ್ಲು ಮಾಡಿದ ಗಾಯವೂ ತಿಳಿಯದೆ ಹುಣ್ಣಾಗಿ, ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಇಂಥವರು ಬರಿಗಾಲಲ್ಲಿ ನಡೆಯಬಾರದು. ಶೂ ಕೊಡವಿಯೇ ಧರಿಸಬೇಕು. ಅಂಗಾಲು, ಬೆರಳ ಸಂದುಗಳನ್ನು ಪ್ರತಿರಾತ್ರಿ ಪರೀಕ್ಷಿಸಬೇಕು.

ಕನ್ನಡಿಯಲ್ಲಿ ದಿನವೂ ಮುಖ ನೋಡಿಕೊಳ್ಳುವ ನಾವು, ಇಡೀ ದೇಹವನ್ನು ಹೊರುವ ಪಾದಗಳತ್ತಲೂ ಒಂದು ನಿಮಿಷ ಕಣ್ಣು ಹಾಯಿಸಿದರೆ ನಷ್ಟವೇನಿಲ್ಲ.