ಹತ್ತು ವರ್ಷ ಕಾದ ಕಹಿ

ಚಕ್ಕೋತ! ನನ್ನ ಬಾಯಿಂದ ಬಂದ ಮೊದಲ ಮಾತು ಅದೊಂದೇ. ಒಂದು ಹನಿಯೂ ಇನ್ನೂ ನಾಲಿಗೆಗೆ ಬಿದ್ದಿರಲಿಲ್ಲ, ಮೂಗು ಮಾತ್ರ ಲೋಟದೊಳಗೆ ಇಳಿದಿತ್ತು. ಆಗಷ್ಟೇ ಸುಲಿದ ಚಕ್ಕೋತದ ಸಿಪ್ಪೆ, ಅದರ ಬೆನ್ನಿಗೇ ಪೈನ್ ಮರದ ಅಂಟು, ಅದಕ್ಕೂ ಕೆಳಗೆ ಎಲ್ಲೋ ಆಳದಲ್ಲಿ ಕುದಿಯುತ್ತಿರುವ ಬೆಲ್ಲದ ಪಾಕ. ಇದು ಬಿಯರ್ರಾ?

“ಕುಡೀಬೇಡ ಮಾರಾಯ, ಇನ್ನೂ ಸ್ವಲ್ಪ ಮೂಸು,” ಅಂದ ಗೆಳೆಯ.

ನಾವಿದ್ದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಕಾರಿಗೇ ಜಾಗವಿಲ್ಲದ ಅವನ ಗ್ಯಾರೇಜಿನಲ್ಲಿ. ತಂಪಾದ ಕತ್ತಲೆ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರ ಪಕ್ಕ ಸಾಗರದಿಂದ ಅವನ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ. ಪೆಟ್ಟಿಗೆಯಿಂದ ತೆಗೆದು ಅವನು ಮೊದಲೇ ಫ್ರಿಜ್ಜಿಗಿಟ್ಟದ್ದು ಮೂರು ಬಾಟಲಿ. ಮೂರೂ ಒಂದೇ ಬಿಯರ್, ಸಿಯೆರಾ ನೆವಾಡಾ ಕಂಪನಿಯ ‘ಬಿಗ್‌ಫುಟ್’. ಒಂದು ಈ ವರ್ಷದ್ದು, ಒಂದು ನಾಲ್ಕು ವರ್ಷದ್ದು, ಇನ್ನೊಂದು ಹತ್ತು ವರ್ಷದ್ದು. ಕುಡಿಯುವವರು ನಾಲ್ವರು. ಮೂರೇ ಪುಟ್ಟ ಬಾಟಲಿಗೆ ನಾಲ್ಕು ಜನವಾ ಅಂತ ನಾನು ಒಳಗೊಳಗೇ ನಕ್ಕಿದ್ದೆ.

‘ಸ್ಟ್ರಾಂಗ್’ ಅಂದರೆ ನನಗೆ ಗೊತ್ತಿದ್ದ ಅರ್ಥ ಒಂದೇ. ನಮ್ಮೂರ ಬಾರಿನಲ್ಲಿ ಸ್ಟ್ರಾಂಗ್ ಕೇಳುವವನಿಗೆ ಬೇಕಾದದ್ದು ಬೇಗ ಏರುವ ಅಮಲು. ರುಚಿ ಗೊತ್ತಾಗದಷ್ಟು ತಣ್ಣಗಿರಬೇಕು, ಗಂಟಲಲ್ಲಿ ಸರ್ರನೆ ಇಳಿಯಬೇಕು. ಇಲ್ಲಿ ಎಲ್ಲವೂ ತಲೆಕೆಳಗು! ಬಾಟಲಿ ಫ್ರಿಜ್ಜಿನಿಂದ ಹೊರಬಂದು ಅರ್ಧ ಗಂಟೆಯಾಗಿತ್ತು, ಹನ್ನೆರಡು ಡಿಗ್ರಿಯ ಆಸುಪಾಸಿಗೆ ಬರಲೆಂದು ಕಾದಿದ್ದರು. ಲೋಟ ಬ್ರಾಂದಿಯದು, ಹೊಟ್ಟೆ ದಪ್ಪ, ಬಾಯಿ ಕಿರಿದು, ಘಮ ಹಾರಿಹೋಗದಂತೆ. ಸುರಿದದ್ದು ಮೂರು ಬೆರಳಿನಷ್ಟು.

ಕೊನೆಗೂ ಗುಟುಕರಿಸಿದೆ. ಮೊದಲು ದಪ್ಪನೆಯ ಸಿಹಿ. ಆಹಾ ಅನ್ನುವಷ್ಟರಲ್ಲಿ ಕಹಿ! ಹಾಗಲಕಾಯಿಯೇ ಶರಣಾಗಬೇಕು, ಅಂಥ ಕಹಿ. ಕಹಿಯನ್ನು ಅಳೆಯಲು ಬಿಯರಿನವರದೇ ಒಂದು ಮಾಪನವಿದೆ. ಅಮೆರಿಕದ ಮಾಮೂಲಿ ಲಾಗರ್ ಬಿಯರ್ ಅದರಲ್ಲಿ ಹತ್ತರ ಹತ್ತಿರ ನಿಂತರೆ, ಬಿಗ್‌ಫುಟ್ 90! ಆಲ್ಕೋಹಾಲು 9.6 ಪ್ರತಿಶತ, ಅಂದರೆ ಒಂದು ಪುಟ್ಟ ಬಾಟಲಿಯಲ್ಲಿ ಸುಮಾರು ಎರಡು ಬಿಯರಿನ ಸರಕು. ನಾಲ್ಕು ಜನ ಯಾಕೆ ಅಂತ ಆಗ ಹೊಳೆಯಿತು.

ಇಷ್ಟು ದಪ್ಪ ಎಲ್ಲಿಂದ ಬಂತು? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಲ್ಲಿ ನೆನೆಸಿ ಬಸಿದರೆ ಸಿಹಿನೀರು. ಮಾಮೂಲಿ ಬಿಯರಿಗೆ ಬೇಕಾಗುವುದರ ಸುಮಾರು ಎರಡು ಪಟ್ಟು ಮಾಲ್ಟ್ ಸುರಿದು, ಗಟ್ಟಿ ರಸ ತೆಗೆದು, ಹೊತ್ತುಗಟ್ಟಲೆ ಕುದಿಸಬೇಕು. ಆಮೇಲೆ ಯೀಸ್ಟಿನ ಸರದಿ. ಸಕ್ಕರೆ ತಿಂದು ಆಲ್ಕೋಹಾಲು ಬಿಡುವುದು ಅದರ ಕೆಲಸ. ಆದರೆ ಆ ಆಲ್ಕೋಹಾಲೇ ಅದಕ್ಕೆ ವಿಷ! ತನ್ನ ಕೈಯೇ ತನ್ನ ತಲೆಯ ಮೇಲೆ ಬಂದ ಭಸ್ಮಾಸುರನ ಹಾಗೆ, ಒಂದು ಹಂತ ದಾಟಿದರೆ ಯೀಸ್ಟ್ ತಾನು ಮಾಡಿದ್ದರಲ್ಲೇ ಸೋತು ಮಲಗುತ್ತದೆ. ತಿನ್ನದೆ ಬಿಟ್ಟ ಸಿಹಿಯೇ ನಾಲಿಗೆಗೆ ಅಂಟುವ ಆ ದಪ್ಪ.

ಮತ್ತೆ ಚಕ್ಕೋತ? ಅದು ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಅಮೆರಿಕದ ಕೃಷಿ ಇಲಾಖೆಯ ತಳಿತಜ್ಞರು 1956ರಲ್ಲಿ ಆರೆಗಾನಿನಲ್ಲಿ ಮಾಡಿದ ಒಂದು ಸಂಕರ, ಹದಿನಾರು ವರ್ಷ ಪರೀಕ್ಷೆಗೊಳಗಾಗಿ 1972ರಲ್ಲಿ ‘ಕ್ಯಾಸ್ಕೇಡ್’ ಎಂಬ ಹೆಸರಿನಲ್ಲಿ ಹೊರಬಂತು. ಯುರೋಪಿನ ಹಾಪ್ಸ್ ಹುಲ್ಲು, ಮಣ್ಣು, ಮಸಾಲೆಯ ಕಡೆಯವು. ಇದು ಹಣ್ಣಿನ ತೋಟ! ಹಾಪ್ಸನ್ನು ಕುದಿಯ ಮೊದಲಿಗೆ ಹಾಕಿದರೆ ಕಹಿ ರಸಕ್ಕೆ ಇಳಿಯುತ್ತದೆ, ಘಮ ಆವಿಯಾಗುತ್ತದೆ. ಒಗ್ಗರಣೆಯ ಹಾಗೆ ಕೊನೆಗೆ ಹಾಕಿದರೆ ಘಮ ಉಳಿಯುತ್ತದೆ. ಹುದುಗೆದ್ದ ಮೇಲೆ ತಣ್ಣನೆಯ ಬಿಯರಿಗೇ ಹಾಕಿ ನೆನೆಸಿದರಂತೂ ಕೇಳಬೇಡಿ. ಇನ್ನೊಂದು ಸೋಜಿಗ ನೋಡಿ: ಹಾಪ್ಸ್ ಎಣ್ಣೆಯ ಮುಖ್ಯ ಅಂಶಗಳಲ್ಲೊಂದು ಮಿರ್ಸೀನ್. ಅದೇ ಮಿರ್ಸೀನ್ ಮಾವಿನ ಘಮದಲ್ಲೂ ಇದೆ! ಗೆಳೆಯ ಎದ್ದುಹೋಗಿ ಮಿಡಿಯ ಜಾಡಿಯ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದ. ಒಂದು ಕೈಯಲ್ಲಿ ಲೋಟ, ಎದುರಿಗೆ ಜಾಡಿ. ಸೊನೆಯ ಆ ಚುರುಕು ಎರಡರಲ್ಲೂ!

ಈ ಹೂವನ್ನು ಹಿಡಿದು ಹೊರಟವರ ಕಥೆ ಅವನ ಬಾಯಲ್ಲಿ ಕೇಳಬೇಕು. ಎಪ್ಪತ್ತರ ದಶಕದ ಅಮೆರಿಕ, ದೇಶವಿಡೀ ನೀರಿನಂಥ ಒಂದೇ ಬಗೆಯ ಲಾಗರ್, ಬಿಯರ್ ಕಾರ್ಖಾನೆಗಳು ನೂರರೊಳಗೆ ಇಳಿದಿದ್ದ ಕಾಲ. ವಾಷಿಂಗ್ ಮಷೀನಿನ ಮನೆತನದ ಫ್ರಿಟ್ಜ್ ಮೇಟ್ಯಾಗ್ 1965ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಚ್ಚಲು ಹೊರಟಿದ್ದ ಆ್ಯಂಕರ್ ಕಾರ್ಖಾನೆಯನ್ನು ಕೊಂಡಿದ್ದ. 1975ರಲ್ಲಿ ಅವನು ಇಂಗ್ಲೆಂಡಿನವರು ಮರೆಯುತ್ತಿದ್ದ ‘ಬಾರ್ಲಿವೈನ್’ ಎಂಬ, ಏಲ್ ಬಗೆಯ ಗಟ್ಟಿ ಬಿಯರ್ ಮಾಡಿ, ‘ಓಲ್ಡ್ ಫಾಗ್‌ಹಾರ್ನ್’ ಅಂತ ಹೆಸರಿಟ್ಟ. ಚಿಕೋ ಊರಿನಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುತ್ತಿದ್ದ ಕೆನ್ ಗ್ರಾಸ್‌ಮನ್, ಹಳೆಯ ಹಾಲಿನ ಡೇರಿಗಳ ಟ್ಯಾಂಕು ತಂದು ಜೋಡಿಸಿ 1980ರಲ್ಲಿ ಸಿಯೆರಾ ನೆವಾಡಾ ಶುರುಮಾಡಿದ. 1983ರಲ್ಲಿ ಬಂತು ಬಿಗ್‌ಫುಟ್. ವೈನ್ ಅಂದುಕೊಂಡು ಜನ ಮೋಸಹೋದಾರು ಅಂತ ಸರ್ಕಾರಕ್ಕೆ ಚಿಂತೆ, ಹಾಗಾಗಿ ಲೇಬಲ್ಲಿನ ಮೇಲೆ ‘ಬಾರ್ಲಿವೈನ್ ಶೈಲಿಯ ಏಲ್’!

ಆಮೇಲಿನದು ಹುಚ್ಚರ ಸಂತೆ. 1994ರಲ್ಲಿ ಟೆಮೆಕ್ಯುಲಾ ಊರಿನ ವಿನ್ನಿ ಸಿಲುರ್ಜೊ ಹಾಪ್ಸನ್ನು ದುಪ್ಪಟ್ಟು ಸುರಿದು ‘ಡಬಲ್ ಐಪಿಎ’ ಎಂಬ ಕಹಿ ಏಲ್‌ಗೆ ದಾರಿ ಮಾಡಿದ. ಮುಂದೆ ರಷ್ಯನ್ ರಿವರ್ ಕಾರ್ಖಾನೆಯಲ್ಲಿ ಮಾಡಿದ ಏಲ್‌ಗೆ ಪ್ಲಿನಿ ದಿ ಎಲ್ಡರ್ ಅಂತ, ವೆಸೂವಿಯಸ್ ಸಿಡಿದಾಗ ಸತ್ತ ರೋಮನ್ ಪಂಡಿತನ ಹೆಸರಿಟ್ಟ. ಡೆಲವೇರಿನ ಸ್ಯಾಮ್ ಕ್ಯಾಲಜೋನಿ ಟೀವಿಯ ಅಡುಗೆ ಕಾರ್ಯಕ್ರಮ ನೋಡುತ್ತಿದ್ದ. ಸೂಪು ಕುದಿಯುವಷ್ಟು ಹೊತ್ತೂ ಮೆಣಸಿನ ಪುಡಿಯನ್ನು ಚೂರುಚೂರೇ ಉದುರಿಸುತ್ತಿರಿ ಅಂದರಂತೆ. ಹಾಗಾದರೆ ಹಾಪ್ಸನ್ನೂ ಯಾಕೆ ಉದುರಿಸಬಾರದು? ಗಡಗಡ ನಡುಗುವ ಮಕ್ಕಳ ಫುಟ್‌ಬಾಲ್ ಆಟಿಕೆಯ ಹಲಗೆ ತಂದು ಹಂಡೆಯ ಮೇಲೆ ವಾಲಿಸಿಟ್ಟ. ತೊಂಬತ್ತು ನಿಮಿಷ ಅದು ನಡುಗುತ್ತ ನಡುಗುತ್ತ ಹಾಪ್ಸ್ ಉದುರಿಸಿತು, ‘90 ಮಿನಿಟ್ ಐಪಿಎ’ ಹುಟ್ಟಿತು! ಬರ್ಬನ್ ವಿಸ್ಕಿಯನ್ನು ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂಬುದು ಅಲ್ಲಿನ ಕಾನೂನು, ಒಮ್ಮೆ ಬಳಸಿದ್ದು ಮತ್ತೆ ಬರ್ಬನ್ನಿಗೆ ಆಗದು. ಷಿಕಾಗೋದ ಗೂಸ್ ಐಲ್ಯಾಂಡ್ ಕಾರ್ಖಾನೆಯವರು ಆ ಖಾಲಿ ಪೀಪಾಯಿಗೆ ಸ್ಟೌಟ್ ಎಂಬ ಕಪ್ಪು ಬಿಯರ್ ತುಂಬಿದರು. ವೆನಿಲಾ, ತೆಂಗಿನಕಾಯಿ, ಸುಟ್ಟ ಸಕ್ಕರೆಯ ಘಮ ಹೀರಿಕೊಂಡು ಅದು ಹೊರಬಂತು. ಬಾಸ್ಟನ್ನಿನ ‘ಯುಟೋಪಿಯಾಸ್’ ಬಿಯರಿನ ಆಲ್ಕೋಹಾಲಂತೂ 28 ಪ್ರತಿಶತ ಮುಟ್ಟಿತು. ನೊರೆಯಿಲ್ಲ, ಗುಳ್ಳೆಯಿಲ್ಲ. ಅಲ್ಲಿನ ಹಲವು ರಾಜ್ಯಗಳಲ್ಲಿ ಅದನ್ನು ಮಾರುವಂತೆಯೇ ಇಲ್ಲ!

ಎರಡನೆಯ ಬಾಟಲಿ ಬಿಚ್ಚಿದರು. ನಾಲ್ಕು ವರ್ಷದ್ದು. ಚಕ್ಕೋತ ಎಲ್ಲಿ? ಸಿಪ್ಪೆ ಹಿಂದೆ ಸರಿದು, ಕಿತ್ತಳೆಯ ಮುರಬ್ಬದಂಥದೇನೋ ಬಂದು ಕೂತಿತ್ತು. ಕಹಿ ಇತ್ತು, ಆದರೆ ಜಗಳ ಬಿಟ್ಟಿತ್ತು.

ಮೂರನೆಯದಕ್ಕೆ ಯಾರೂ ಮಾತಾಡಲಿಲ್ಲ. ಬಣ್ಣ ಗಾಢ ಕಂದು. ಮೂಗಿಗೆ ಖರ್ಜೂರ, ಒಣದ್ರಾಕ್ಷಿ, ಜೋನಿಬೆಲ್ಲ, ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ. ಹತ್ತು ವರ್ಷ ಆ ಮುಚ್ಚಳದ ಕೆಳಗಿದ್ದ ಒಂದಿಷ್ಟು ಗಾಳಿ ಮಾಲ್ಟಿನ ಜೊತೆ ನಿಧಾನ ಕೆಲಸ ಮಾಡುತ್ತ ಕೂತಿತ್ತಂತೆ. ಮಾಮೂಲಿ ಬಿಯರನ್ನು ಅದೇ ಗಾಳಿ ಕೆಲವೇ ತಿಂಗಳಲ್ಲಿ ಒದ್ದೆ ರಟ್ಟಿನ ರುಚಿಗೆ ಇಳಿಸುತ್ತದೆ. ಇದು ತಡೆದುಕೊಂಡಿತ್ತು, ತಡೆದುಕೊಂಡು ಬೇರೆಯೇ ಆಗಿತ್ತು. ತೊಂಬತ್ತರ ಕಹಿ ಈಗ ಒಂದು ಸಣ್ಣ ಒಗರು, ಸಿಹಿಯನ್ನು ಬೀಳದಂತೆ ಹಿಡಿದ ಕೈ.

“ಇಷ್ಟು ವರ್ಷ ಕೆಡದೆ ಹೇಗಿತ್ತೋ?” ಅಂದೆ.

“ಮಿಡಿ ಹೇಗಿರುತ್ತೋ ಹಾಗೆ. ಅದಕ್ಕೆ ಉಪ್ಪು, ಇದಕ್ಕೆ ಆಲ್ಕೋಹಾಲು, ಹಾಪ್ಸು. ಕಮ್ಮಿ ಹಾಕಿದ್ರೆ ಮಳೆಗಾಲಾನೂ ದಾಟಲ್ಲ.”

ಇಷ್ಟು ವರ್ಷ ನಾನು ಸ್ಟ್ರಾಂಗ್ ಅಂದರೆ ಏರುವುದು ಅಂದುಕೊಂಡಿದ್ದೆ. ಬಾಳುವುದು ಅಂತ ಈ ಲೋಟ ಹೇಳುತ್ತಿತ್ತು. ಮೂರು ಬೆರಳಿನಷ್ಟು ಏಲ್ ಮುಗಿಸಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು, ಆಮೇಲೂ ಖಾಲಿ ಲೋಟವನ್ನು ಮೂಸುತ್ತಲೇ ಕೂತಿದ್ದೆ.

ಹೊರಡುವಾಗ ಗೆಳೆಯ ಈ ವರ್ಷದ ಉಳಿದ ಬಾಟಲಿಗಳನ್ನು ಪೆಟ್ಟಿಗೆಗೆ ಹಾಕಿ, ಮಾರ್ಕರ್ ಪೆನ್ನಿನಲ್ಲಿ ಅದರ ಮೇಲೆ ಇಸವಿ ಬರೆದ. ಪಕ್ಕದ ಜಾಡಿಯತ್ತ ನೋಡಿದೆ. ಅದರ ಮೇಲೂ ಅದೇ ಪೆನ್ನು, ಅದೇ ಕೈಬರಹ, ಅಮ್ಮ ಮಿಡಿ ಹಾಕಿದ ವರ್ಷ.