ಒಂದೇ ಕಡಲು, ನಾಲ್ಕು ಬಗೆಯ ಮರಳು

‘ಒಂದು ಬೀಚು ನೋಡಿದರೆ ಎಲ್ಲ ಬೀಚೂ ನೋಡಿದ ಹಾಗೆ. ನೀರು, ಮರಳು, ಅಷ್ಟೇ ತಾನೆ?’ ಎನ್ನುವವರು ಒಮ್ಮೆ ಕಾರವಾರಕ್ಕೆ ಹೋಗಬೇಕು. ಉತ್ತರ ಕನ್ನಡ ಜಿಲ್ಲೆಯ ಈ ಕೇಂದ್ರಸ್ಥಳದಿಂದ ಗೋವಾ ಗಡಿಗೆ ಇರುವುದು ಸುಮಾರು 15 ಕಿಲೋಮೀಟರ್ ದಾರಿ. ಅಷ್ಟರೊಳಗೆ ಕಾಳಿ ನದಿ ಸಮುದ್ರ ಸೇರುವ ಅಳಿವೆ ಇದೆ, ಗಾಳಿಮರಗಳ ತೋಪಿನ ತೀರವಿದೆ, ಮೀನುದೋಣಿಗಳ ತೀರವಿದೆ, ಎಳ್ಳು ಚೆಲ್ಲಿದಂಥ ಕಪ್ಪು ಮರಳಿನ ತೀರವೂ ಇದೆ. ಕಡಲು ಒಂದೇ, ಅರಬ್ಬಿ ಸಮುದ್ರ. ತೀರಗಳು ಮಾತ್ರ ಒಂದೇ ತಾಯಿಯ ಮಕ್ಕಳ ಹಾಗೆ, ಒಬ್ಬರಂತೆ ಇನ್ನೊಬ್ಬರಿಲ್ಲ.

ಕಳೆದ ಚಳಿಗಾಲದಲ್ಲಿ ಆರನೇ ತರಗತಿಯ ಮೊಮ್ಮಗಳ ಜತೆ ಎರಡು ದಿನ ಈ ತೀರಗಳಲ್ಲಿ ಓಡಾಡಿದೆ. ಅವಳ ಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಪುಟ್ಟ ಶೀಶೆಯಲ್ಲಿ ವಿನೆಗರ್. ನನ್ನ ಚೀಲದಲ್ಲಿ ನೀರು, ಟೋಪಿ, ಅವಲಕ್ಕಿ. ‘ಅಜ್ಜೀ, ಸಮುದ್ರ ಒಂದೇ ಆದರೆ ಮರಳು ಯಾಕೆ ಬೇರೆ ಬೇರೆ?’ ಎಂದು ಅವಳು ಕೇಳಿದ ಪ್ರಶ್ನೆಯ ಹಿಂದೆಯೇ ನಾವು ನಡೆದೆವು.

ಪೇಟೆಯ ಮಗ್ಗುಲಿನ ತೀರ

ಮೊದಲ ದಿನ ಬೆಳಿಗ್ಗೆ ಹೋಗಿದ್ದು ಪೇಟೆಗೆ ಅಂಟಿಕೊಂಡೇ ಇರುವ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ. 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನ ತರುಣ ರವೀಂದ್ರರು ಇಲ್ಲಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಐಸಿಎಸ್ ಸೇರಿದ ಮೊದಲ ಭಾರತೀಯರೂ ಅವರೇ. ರವೀಂದ್ರರು ತಮ್ಮ ನೆನಪುಗಳಲ್ಲಿ ಈ ಅರ್ಧಚಂದ್ರಾಕಾರದ ತೀರವನ್ನು ಬಣ್ಣಿಸಿದ್ದಾರೆ. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳುವಾಗ ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನೂ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ.

ಈ ತೀರ ಶಾಂತ. ಅದಕ್ಕೆ ಕಾರಣ ಅಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ದಕ್ಷಿಣಕ್ಕೆ ಬೈತಖೋಲದ ಗುಡ್ಡ ಸಮುದ್ರದೊಳಕ್ಕೆ ಚಾಚಿದೆ, ಎದುರಿಗೆ ಕೂರ್ಮಗಡ, ದೇವಗಡ ನಡುಗಡ್ಡೆಗಳಿವೆ. ದೂರದಿಂದ ಬರುವ ದೊಡ್ಡ ಅಲೆಗಳ ಬಲವನ್ನು ಇವು ಅರ್ಧದಲ್ಲೇ ತಡೆಯುತ್ತವೆ. ಅಲೆ ಸೌಮ್ಯವಾದರೆ ಸಣ್ಣ ಮರಳಿನ ಕಣಗಳು ಕೊಚ್ಚಿಹೋಗದೆ ನಿಲ್ಲುತ್ತವೆ, ತೀರ ಅಗಲವಾಗಿ, ಸಪಾಟಾಗಿ ಹರಡುತ್ತದೆ.

ಅಗಲವಾದ ಈ ಮರಳೇ ಮೀನುಗಾರರ ಅಂಗಳ. ಅಜ್ಜ ಅಜ್ಜಿಯರಿಗೆ ರಂಪಣಿ ಬಲೆಯ ನೆನಪಿರಬಹುದು. ದೋಣಿಯಲ್ಲಿ ಬಲೆಯನ್ನು ಅರ್ಧವೃತ್ತವಾಗಿ ಬಿಟ್ಟು ಬಂದು, ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಬಂಗಡೆ, ತಾರ್ಲೆ ರಾಶಿ ಬೀಳುತ್ತಿತ್ತು. ಎಳೆದವರಿಗೆಲ್ಲ ಪಾಲು ಸಿಗುತ್ತಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಯಂತ್ರದ ದೋಣಿಗಳ ಪರ್ಸಿನ್ ಬಲೆ ಬಂದ ಮೇಲೆ ರಂಪಣಿ ಕಡಿಮೆಯಾಯಿತು. ಅದರ ಚಿಕ್ಕ ತಮ್ಮನಂಥ ಏಂಡಿ ಬಲೆಯನ್ನು ಈಗಲೂ ಎಳೆಯುತ್ತಾರೆ. ಆ ಬೆಳಿಗ್ಗೆಯೂ ಎಳೆಯುತ್ತಿದ್ದರು.

‘ಅಜ್ಜಾ, ನಾನೂ ಎಳೀಲಾ?’ ಎಂದಳು ಮೊಮ್ಮಗಳು.

‘ಬಾ ತಂಗಿ, ಹಗ್ಗ ಗಟ್ಟಿ ಹಿಡ್ಕೊ’ ಎಂದರು ಸಾಲಿನಲ್ಲಿದ್ದ ಹಿರಿಯ ಮೀನುಗಾರರು. ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದ ಮೇಲೆ ಅವರೇ ಹೇಳಿದರು: ‘ಮರಳು ಇಲ್ದೇ ಇದ್ರೆ ಈ ಬಲೆ ಎಳೂಕೆ ಆಗ್ತದಾ? ಕಲ್ಲಿಗೆ ಸಿಕ್ಕಿ ಹರಿದೇ ಹೋಗ್ತದೆ. ನಮ್ಗೆ ಇದು ಬೀಚಲ್ಲ ತಂಗಿ, ಗದ್ದೆ.’

ಆ ಮಾತು ಎರಡು ದಿನವೂ ನಮ್ಮ ಜತೆಗೆ ಬಂತು.

ನದಿ ಹೊತ್ತು ತಂದದ್ದು

ಸಂಜೆ ಕಾಳಿ ಸೇತುವೆ ದಾಟಿ, ಸದಾಶಿವಗಡದ ಕಡೆಯಿಂದ ದೇವಬಾಗಕ್ಕೆ ಹೋದೆವು. ಇದು ನದಿಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮರಳಿನ ನಾಲಗೆ. ಒಂದು ಕಡೆ ಕಾಳಿಯ ನಿಧಾನದ ನೀರು, ಇನ್ನೊಂದು ಕಡೆ ಅಲೆಗಳ ಸದ್ದು, ನಡುವೆ ಗಾಳಿಮರಗಳ ಸುಯ್ಯೆನ್ನುವ ಹಾಡು.

ಕಾಳಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಹುಟ್ಟಿನಿಂದ ಕೊನೆಯವರೆಗೂ ಉತ್ತರ ಕನ್ನಡದಲ್ಲೇ ಹರಿಯುವ ನದಿ ಅದು. ಘಟ್ಟದ ಬಂಡೆಗಳನ್ನು ಮಳೆ, ಬಿಸಿಲು ಒಡೆಯುತ್ತವೆ. ಚೂರುಗಳನ್ನು ನದಿ ಉರುಳಿಸಿ, ಉಜ್ಜಿ, ಸಣ್ಣದಾಗಿಸಿ ತರುತ್ತದೆ. ಮೆದುವಾದ ಭಾಗ ಪುಡಿಯಾಗಿ ಕೆಸರಾಗುತ್ತದೆ. ಗಟ್ಟಿಯಾದ ಬೆಣಚುಕಲ್ಲಿನ ಕಣ ಉಳಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದ ಮೊಮ್ಮಗಳು ‘ಗಾಜಿನ ಚೂರು, ಸಕ್ಕರೆ ಹರಳು ಇದ್ದ ಹಾಗಿದೆ’ ಎಂದಳು. ಅದೇ ಬೆಣಚು.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ತೀರದ ಮೇಲ್ಭಾಗದಲ್ಲಿ ಆಡಿನ ಗೊರಸಿನಂಥ ಎಲೆ, ನೇರಳೆ ಬಣ್ಣದ ಹೂವಿನ ಬಳ್ಳಿ ಹಬ್ಬಿರುತ್ತದೆ. ಅಡುಂಬು ಬಳ್ಳಿ ಎನ್ನುತ್ತಾರೆ. ನೋಡಲು ಕಳೆಯ ಹಾಗಿದ್ದರೂ ಮರಳನ್ನು ಹೊಲಿದು ಹಿಡಿದಿಡುವ ದಾರ ಅದು. ಅದನ್ನು ಕಿತ್ತರೆ ಗಾಳಿಗೆ ಮರಳು ಹಾರಿಹೋಗುತ್ತದೆ.

ನೀರು ಇಳಿದಾಗ ಒದ್ದೆ ಮರಳಿನ ಮೇಲೆ ಸಾಸಿವೆಯಷ್ಟು ದೊಡ್ಡ ಮರಳುಂಡೆಗಳ ರಂಗೋಲಿ ಮೂಡಿತ್ತು. ಉಗುರಿಗಿಂತ ಚಿಕ್ಕದಾದ ಏಡಿಗಳ ಕೆಲಸ ಅದು. ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಎಸೆಯುತ್ತವೆ. ಮುಂದಿನ ಉಬ್ಬರ ಬಂದು ರಂಗೋಲಿ ಅಳಿಸುತ್ತದೆ, ನೀರು ಇಳಿದ ಮೇಲೆ ಅವು ಮತ್ತೆ ಬಿಡಿಸುತ್ತವೆ.

ಆಮೆಯ ತೊಟ್ಟಿಲು

ಎರಡನೇ ದಿನ ಬೆಳಗು ಹರಿಯುವ ಮೊದಲೇ ಮಾಜಾಳಿ ತಲುಪಿದೆವು. ಇಲ್ಲಿನ ಮರಳಿನಲ್ಲಿ ಚಿಪ್ಪಿನ ಚೂರುಗಳನ್ನು ಆರಿಸಿ, ಒಂದು ಮುಚ್ಚಳದಲ್ಲಿಟ್ಟು, ಮೇಲೆ ವಿನೆಗರ್ ಹನಿಸಿದೆವು. ಸಣ್ಣ ಸಣ್ಣ ಗುಳ್ಳೆಗಳೆದ್ದವು. ಬೆಣಚಿನ ಕಣಕ್ಕೆ ಹನಿಸಿದರೆ ಏನೂ ಆಗಲಿಲ್ಲ. ಚಿಪ್ಪಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹಿಂದೆ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಗೋಡೆಗೆ ಬಳಿದದ್ದೂ, ಎಲೆಯಡಿಕೆಗೆ ಹಚ್ಚಿದ್ದೂ ಅದೇ ಸುಣ್ಣ. ಹಾಗಾಗಿ ಕಡಲತೀರದ ಮರಳೆಲ್ಲ ಕಲ್ಲಲ್ಲ. ಅದರಲ್ಲಿ ಒಂದು ಪಾಲು, ಒಂದು ಕಾಲದಲ್ಲಿ ಜೀವಗಳ ಮನೆಯಾಗಿತ್ತು.

ಮಾಜಾಳಿ, ದೇವಬಾಗದಂಥ ತೀರಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗುಳಿಯಲ್ಲಿ ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ, ತಾಯಿ ಹೊರಟುಹೋಗುತ್ತದೆ. ಕಾವು ಕೊಡುವುದು ಮರಳೇ. ಏಳೆಂಟು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣುಮರಿಗಳು ಹೆಚ್ಚು, ತಂಪಾಗಿದ್ದರೆ ಗಂಡುಮರಿಗಳು ಹೆಚ್ಚು! ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ರಾತ್ರಿ ತೀರದಲ್ಲಿ ಬೆಳಕು ಹಾಕಿದರೆ ಮರಿಗಳು ಅದನ್ನೇ ಕಡಲಿನ ಹೊಳಪು ಎಂದುಕೊಂಡು ತಪ್ಪು ದಿಕ್ಕಿಗೆ ತೆವಳುತ್ತವೆ.

ಎಳ್ಳಿನ ಮರಳು

ಮಾಜಾಳಿಯಿಂದ ಗುಡ್ಡದ ಕಾಲುದಾರಿ ಹತ್ತಿಳಿದರೆ ತಿಳಮಾತಿ. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರಿಟ್ಟವರ ಕಣ್ಣು ದೊಡ್ಡದು. ನಿಜಕ್ಕೂ ಯಾರೋ ಕರಿಎಳ್ಳನ್ನು ಮೂಟೆಗಟ್ಟಲೆ ಸುರಿದ ಹಾಗಿದೆ. ಬಂಡೆಗಳ ನಡುವಿನ ಪುಟ್ಟ ತೀರ. ಅಂಗಡಿಯಿಲ್ಲ, ನೆರಳೂ ಕಡಿಮೆ.

ಇಲ್ಲಿನ ಮರಳು ಬಹುಪಾಲು ಪಕ್ಕದ ಕಪ್ಪು ಬಂಡೆಗಳದ್ದೇ. ಅಲೆ ಹೊಡೆದು ಹೊಡೆದು ಒಡೆದ ಚೂರು ಎರಡೂ ಬದಿಯ ಬಂಡೆಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಉಳಿದಿದೆ. ಅಯಸ್ಕಾಂತ ಆಡಿಸಿದಾಗ ಕೆಲವು ಕಣ ಅಂಟಿದವು, ಹೆಚ್ಚಿನವು ಅಂಟಲಿಲ್ಲ. ಕಪ್ಪಗಿರುವುದೆಲ್ಲ ಕಬ್ಬಿಣವಲ್ಲ ಎಂದು ಅವಳೇ ಟಿಪ್ಪಣಿ ಬರೆದುಕೊಂಡಳು.

ಬಿಸಿಲೇರುತ್ತಿದ್ದಂತೆ ಅವಳು ಚಪ್ಪಲಿ ಹುಡುಕತೊಡಗಿದಳು. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ. ಆದ್ದರಿಂದ ಇಲ್ಲಿಗೆ ಬೆಳಿಗ್ಗೆಯೇ ಹೋಗಿ ಬೇಗ ಮರಳಬೇಕು. ‘ಒಂದು ಡಬ್ಬಿ ಮರಳು ಮನೆಗೆ ತಗೊಂಡು ಹೋಗೋಣ ಅಜ್ಜಿ’ ಎಂದಳು. ‘ಬಂದವರೆಲ್ಲ ಒಂದೊಂದು ಡಬ್ಬಿ ಒಯ್ದರೆ ಇಷ್ಟು ಚಿಕ್ಕ ತೀರದಲ್ಲಿ ಏನುಳಿದೀತು ಮಗಳೇ?’ ಎಂದೆ. ಅವಳು ಕಾಗದದ ಮೇಲೆ ಅಂಟು ಸವರಿ ಒಂದು ಚಿಟಿಕೆ ಮಾತ್ರ ಉದುರಿಸಿ, ‘ತಿಳಮಾತಿ’ ಎಂದು ಬರೆದುಕೊಂಡಳು.

ಮರಳಿಗೂ ಮಳೆಗಾಲವಿದೆ

ತೀರ ಎಂದರೆ ಒಂದೇ ಕಡೆ ಬಿದ್ದಿರುವ ಮರಳಲ್ಲ. ಮಳೆಗಾಲದಲ್ಲಿ ದೊಡ್ಡ ಅಲೆಗಳು ಮರಳನ್ನು ಎಳೆದೊಯ್ದು ನೀರಿನಡಿಯಲ್ಲಿ ದಿಬ್ಬ ಮಾಡಿ ಇಡುತ್ತವೆ. ಆಗ ತೀರ ಕಿರಿದಾಗುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ಸ್ವಲ್ಪಸ್ವಲ್ಪವಾಗಿ ದಡಕ್ಕೆ ಮರಳಿಸುತ್ತವೆ. ಜತೆಗೆ ನದಿಯಿಂದ ಹೊಸ ಮರಳು ಬರಬೇಕು, ದಡದುದ್ದಕ್ಕೂ ಅದು ಸರಿದಾಡಬೇಕು. ಜಮೆ, ಖರ್ಚು ಎರಡೂ ಇರುವ ಬ್ಯಾಂಕ್ ಖಾತೆಯಂತೆ.

ಖಾತೆಗೆ ಬರುವ ಜಮೆ ಕಡಿಮೆಯಾಗುವುದು ಹೇಗೆ? ಅಣೆಕಟ್ಟುಗಳ ಹಿಂದೆ ನೀರಿನ ಜತೆ ಮರಳೂ ನಿಲ್ಲುತ್ತದೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ನದಿಯಿಂದ ಮರಳು ತೆಗೆದರೂ ಹಾಗೆಯೇ. ಕಡಲಿಗೆ ಅಡ್ಡವಾಗಿ ಕಲ್ಲಿನ ಗೋಡೆ ಕಟ್ಟಿದರೆ ಒಂದು ಬದಿಯಲ್ಲಿ ಮರಳು ಪೇರಿಸಿಕೊಂಡು, ಇನ್ನೊಂದು ಬದಿ ಕೊರೆಯುವುದುಂಟು.

ಇದು ಬರೀ ಪುಸ್ತಕದ ಮಾತಲ್ಲ. ಕಾರವಾರದ ದಕ್ಷಿಣಕ್ಕಿದ್ದ ಅರ್ಗಾ ಮುಂತಾದ ತೀರಗಳು ಸೀಬರ್ಡ್ ನೌಕಾನೆಲೆಗೆ ಹೋದವು. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಆರಂಭವಾಯಿತು. ದೇಶದ ಕಾವಲಿಗೆ ಅದು ಬೇಕಿತ್ತು. ಸಾವಿರಾರು ಕುಟುಂಬಗಳು ಊರು ಬಿಟ್ಟುಕೊಟ್ಟವು. ಆಮೇಲೆ 2020ರ ಜನವರಿಯಲ್ಲಿ ಬಂದರಿನ ವಿಸ್ತರಣೆಗಾಗಿ ಟಾಗೋರ್ ತೀರದ ಬಳಿ ಅಲೆತಡೆಗೋಡೆಯ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು. ವಿಷಯ ಹೈಕೋರ್ಟಿಗೂ ಹೋಗಿ ಕೆಲಸಕ್ಕೆ ತಡೆಯಾಜ್ಞೆ ಬಂತು. ಬಂದರು ಬೆಳೆದರೆ ವ್ಯಾಪಾರ, ಉದ್ಯೋಗ ಬೆಳೆಯುತ್ತದೆ ಎನ್ನುವವರ ಮಾತಿನಲ್ಲೂ ಅರ್ಥವಿದೆ. ಆದರೆ ಬಲೆಯ ಹಗ್ಗ ಹಿಡಿದು ಆ ಹಿರಿಯರು ‘ಇದು ಗದ್ದೆ’ ಎಂದದ್ದನ್ನು ಕೇಳಿದ ಮೇಲೆ, ಅವರಿಗೆ ಏಕೆ ಅಷ್ಟು ಸಂಕಟವಾಯಿತೆಂದು ನಮ್ಮ ಹುಡುಗಿಗೂ ಅರ್ಥವಾಯಿತು.

ನೀರಿಗೆ ಇಳಿಯುವ ಮೊದಲು

ತೀರಕ್ಕೊಂದು ಗುಣವಿದ್ದ ಹಾಗೆ ನೀರಿಗೂ ಒಂದೊಂದು ಗುಣ. ಪೇಟೆಯ ತೀರದ ಸೌಮ್ಯ ಅಲೆ ನೋಡಿ ಎಲ್ಲ ಕಡೆಯೂ ಹಾಗೇ ಎಂದುಕೊಳ್ಳಬಾರದು. ಅಳಿವೆಯ ಹತ್ತಿರ ನದಿಯ ಸೆಳೆತ, ಕಡಲಿನ ಇಳಿತ ಎರಡೂ ಸೇರುತ್ತವೆ; ಅಲ್ಲಿ ಈಜು ಬೇಡವೇ ಬೇಡ. ಬಂಡೆಗಳ ಮೇಲೆ ಪಾಚಿಯಿರುತ್ತದೆ, ಫೋಟೊಕ್ಕಾಗಿ ಹತ್ತಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದಲೇ ನೋಡಿ.

ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆಯಿಲ್ಲದೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಹುಷಾರು. ದಡಕ್ಕೆ ಬಂದ ನೀರು ಹಿಂದಕ್ಕೆ ರಭಸವಾಗಿ ಹೋಗುವ ದಾರಿ ಅದಾಗಿರಬಹುದು. ಅಂಥ ಸೆಳೆತಕ್ಕೆ ಸಿಕ್ಕರೆ ಗಾಬರಿಯಾಗಿ ನೇರ ದಡದತ್ತ ಈಜಿದರೆ ಸುಸ್ತಾಗುತ್ತದೆ. ಕೈಯೆತ್ತಿ ಕೂಗಿ, ತೇಲುತ್ತಿದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆಮೇಲೆ ದಡದ ಕಡೆ ಬರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ದೊಡ್ಡದು. ಅಜ್ಜಿಯ ಪಂಚಾಂಗ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ! ಎಲ್ಲಕ್ಕಿಂತ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ. ಅವರು ‘ಇವತ್ತು ಬೇಡ’ ಎಂದರೆ ಬೇಡ.

ಮುಂದಿನ ಸಲ ನೀವು ಯಾವುದೇ ಕಡಲತೀರಕ್ಕೆ ಹೋದರೂ ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಹರಡಿ ಮೂರು ಪ್ರಶ್ನೆ ಕೇಳಿ. ಇದು ಎಲ್ಲಿಂದ ಬಂತು? ಇದರ ಮೇಲೆ ಯಾರ ಬದುಕು ನಿಂತಿದೆ? ಮಳೆಗಾಲದಲ್ಲಿ ಇದು ಎಲ್ಲಿಗೆ ಹೋಗಿ ಬರುತ್ತದೆ? ಮೊದಲನೆಯದಕ್ಕೆ ಭೂತಗನ್ನಡಿ ಉತ್ತರ ಕೊಡುತ್ತದೆ. ಉಳಿದೆರಡಕ್ಕೆ ದಡದಲ್ಲಿ ಬಲೆ ಹೆಣೆಯುತ್ತ ಕೂತವರ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳಿ. ಉತ್ತರ ಸಿಕ್ಕಿದ ಮೇಲೆ ಆ ಹಿಡಿ ಮರಳನ್ನು ಅಲ್ಲಿಯೇ ಬಿಟ್ಟು ಬನ್ನಿ.