ಬೀದಿಯ ಗೋಡೆ ಮಾತಾಡಿತು

ಸೋಣೆ ತಿಂಗಳು ಬಂತೆಂದರೆ ನಮ್ಮ ನಾವುಂದದ ಕಡೆ ಹೆಂಗಸರು ಬೆಳಿಗ್ಗೆ ಎದ್ದು ಹೊಸ್ತಿಲು ಬರೆಯುತ್ತಾರೆ. ಶೇಡಿ ಕಲಸಿ, ಬೆರಳಿನಿಂದ ಬಿಳಿ ಗೆರೆ ಎಳೆಯುತ್ತಾರೆ. ಅದು ಚಿತ್ರ. ಆದರೂ ನಾವು 'ಬರೆಯುವುದು' ಅಂತಲೇ ಹೇಳುತ್ತೇವೆ. ಅಂದರೆ, ಅಕ್ಷರ ಕಲಿಯುವ ಮೊದಲೇ ನಮ್ಮ ಕೈಗೆ ಬರೆಯಲು ಗೊತ್ತಿತ್ತು, ಅಲ್ಲವೇ?

ಹೊಸ್ತಿಲಿನ ಚಿತ್ರ ಮನೆಗೆ ಬಂದವರಿಗೆ ಕಾಣುತ್ತದೆ. ಚಿತ್ರವೇ ಬೀದಿಗೆ ಬಂದರೆ? ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಇದೇ ಬೀದಿ ಕಲೆ. ಇದನ್ನು ನೋಡಲು ಟಿಕೆಟು ಬೇಡ. ಓದು ಬಾರದವರಿಗೂ ಇದು ಅರ್ಥವಾಗುತ್ತದೆ. ನಮ್ಮ ರಾಜಧಾನಿ ಬೆಂಗಳೂರಿನಲ್ಲಿ ಈ ಕಲೆ ಚೆನ್ನಾಗಿ ಬೆಳೆದಿದೆ. ಅಲ್ಲಿಯ ಕೆಲವು ಸಂಗತಿ ತಿಳಿಯೋಣ.

ಹೊಂಡದಲ್ಲಿ ಮೊಸಳೆ

ಬೆಂಗಳೂರಿನ ಸುಲ್ತಾನ್ ಪಾಳ್ಯದಲ್ಲಿ ನೀರಿನ ಪೈಪು ಒಡೆದು ರಸ್ತೆಯಲ್ಲಿ ದೊಡ್ಡ ಹೊಂಡ ಬಿದ್ದಿತ್ತು. ಯಾರೂ ಸರಿ ಮಾಡಿರಲಿಲ್ಲ. 2015ರ ಜೂನ್ ತಿಂಗಳಲ್ಲಿ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಅಲ್ಲಿಗೆ ಬಂದರು. ಆ ಹೊಂಡವನ್ನೇ ಕೆರೆಯ ಹಾಗೆ ಮಾಡಿದರು. ಅದರಲ್ಲಿ ಒಂದು ಮೊಸಳೆಯ ಬೊಂಬೆ ಇಟ್ಟರು. ನೋಡಿದರೆ ನಿಜವಾದ ಮೊಸಳೆಯ ಹಾಗೇ ಇತ್ತು!

ಜನ ನಿಂತು ನೋಡಿದರು, ನಕ್ಕರು. ಪತ್ರಿಕೆಗಳಲ್ಲಿ ಫೋಟೋ ಬಂತು. ಅಧಿಕಾರಿಗಳಿಗೂ ಗೊತ್ತಾಯಿತು. ಸ್ವಲ್ಪ ದಿನದಲ್ಲೇ ರಸ್ತೆ ದುರಸ್ತಿ ಆಯಿತು.

2019ರಲ್ಲಿ ಅವರು ಇನ್ನೊಂದು ಉಪಾಯ ಮಾಡಿದರು. ಗಗನಯಾತ್ರಿಯ ಉಡುಪು ಹಾಕಿದ ನಟರೊಬ್ಬರನ್ನು ಹೊಂಡ ತುಂಬಿದ ರಸ್ತೆಯಲ್ಲಿ ನಡೆಸಿದರು. ಚಂದ್ರನ ಮೇಲೆ ನಡೆದ ಹಾಗೆ ಕಾಣುತ್ತಿತ್ತು. ಆ ರಸ್ತೆಯ ಕೆಲಸವೂ ಬೇಗ ಶುರುವಾಯಿತು.

ರಸ್ತೆಯಲ್ಲೇ ಸಂತೆ

ಸಂತೆಯಲ್ಲಿ ನಾವು ಮೀನು, ತರಕಾರಿ ಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಚಿತ್ರಗಳಿಗೂ ಒಂದು ಸಂತೆ ಇದೆ. ಅದರ ಹೆಸರು ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಹಲವು ವರ್ಷಗಳಿಂದ ಇದನ್ನು ನಡೆಸುತ್ತಾ ಬಂದಿದೆ. ಜನವರಿ ತಿಂಗಳ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ. ಬೇರೆ ಬೇರೆ ರಾಜ್ಯಗಳ ನೂರಾರು ಕಲಾವಿದರು ಬರುತ್ತಾರೆ. ತಮ್ಮ ಚಿತ್ರಗಳನ್ನು ರಸ್ತೆಯ ಬದಿಯಲ್ಲೇ ಇಡುತ್ತಾರೆ. ನಡುವೆ ದಲ್ಲಾಳಿ ಇಲ್ಲ. ಬರೆದವರ ಹತ್ತಿರವೇ ಮಾತಾಡಿ ಚಿತ್ರ ಕೊಳ್ಳಬಹುದು. ಸುಮ್ಮನೆ ನೋಡಿಕೊಂಡು ಬಂದರೂ ಯಾರೂ ಬೇಡ ಅನ್ನುವುದಿಲ್ಲ.

ಕೈಗೆ ಕೈ ಸೇರಿ

ಮಂಗಳಮುಖಿಯರನ್ನು ಕಂಡರೆ ಎಷ್ಟೋ ಜನ ಮುಖ ತಿರುಗಿಸುತ್ತಾರೆ. 2016ರಲ್ಲಿ ಬೆಂಗಳೂರಿನಲ್ಲಿ ಅರವಾಣಿ ಆರ್ಟ್ ಪ್ರಾಜೆಕ್ಟ್ ಎಂಬ ತಂಡ ಶುರುವಾಯಿತು. ಇದರಲ್ಲಿ ಮಂಗಳಮುಖಿಯರೂ ಬೇರೆ ಹೆಂಗಸರೂ ಸೇರಿ ಗೋಡೆಗಳ ಮೇಲೆ ದೊಡ್ಡ ಚಿತ್ರ ಬರೆಯುತ್ತಾರೆ. ಯಾವ ಬೀದಿಯಲ್ಲಿ ಜನ ದೂರ ಸರಿಯುತ್ತಿದ್ದರೋ, ಅಂಥ ಬೀದಿಯಲ್ಲೇ ಈಗ ನಿಂತು ಅವರ ಕೆಲಸ ನೋಡುತ್ತಾರೆ. 2024ರಲ್ಲಿ ಈ ತಂಡ ಇಟಲಿ ದೇಶದ ವೆನಿಸ್ ನಗರಕ್ಕೆ ಹೋಯಿತು. ಅಲ್ಲಿಯ ಹೆಸರಾಂತ ಕಲಾ ಪ್ರದರ್ಶನದಲ್ಲಿ ದೊಡ್ಡದೊಂದು ಗೋಡೆಚಿತ್ರ ಬರೆಯಿತು. ಹನಿ ಹನಿ ಕೂಡಿದರೆ ಹಳ್ಳ, ಅಲ್ಲವೇ?

ನಾವೂ ಬರೆಯಬಹುದೇ?

ಖಂಡಿತ ಬರೆಯಬಹುದು. ಆದರೆ ಮೊದಲು ಗೋಡೆ ಯಾರದ್ದೋ ಅವರ ಒಪ್ಪಿಗೆ ಕೇಳಬೇಕು. ಶಾಲೆಯ ಗೋಡೆಯಾದರೆ ಶಾಲೆಯವರನ್ನು, ಪಂಚಾಯತಿಯ ಗೋಡೆಯಾದರೆ ಪಂಚಾಯತಿಯನ್ನು ಕೇಳಿ. ಆಮೇಲೆ ಗೋಡೆ ಉಜ್ಜಿ, ತೊಳೆದು, ಒಣಗಿಸಿ. ಬಿಳಿ ಬಣ್ಣ ಬಳಿಯಿರಿ. ಚಿಕ್ಕ ಕಾಗದದಲ್ಲಿ ಚಿತ್ರ ಬರೆದು, ಅದರ ಮೇಲೆ ಚೌಕದ ಗೆರೆ ಹಾಕಿ. ಗೋಡೆಯ ಮೇಲೂ ಅಷ್ಟೇ ಚೌಕ ಹಾಕಿ, ದೊಡ್ಡದಾಗಿ. ಒಂದೊಂದು ಚೌಕ ನೋಡಿಕೊಂಡು ಗೆರೆ ಎಳೆದರೆ ಚಿತ್ರ ಸೊಟ್ಟ ಆಗುವುದಿಲ್ಲ. ಒಬ್ಬರು ಗೆರೆ ಎಳೆಯಲಿ, ಉಳಿದವರು ಬಣ್ಣ ತುಂಬಲಿ. ಮಳೆಗಾಲ ಮುಗಿದ ಮೇಲೆ ಬರೆದರೆ ಒಳ್ಳೆಯದು.

ಒಂದು ಮಾತು ನೆನಪಿಡಿ. ಚಿತ್ರ ನಾಲ್ಕು ಜನರ ಕಣ್ಣು ಸೆಳೆಯುತ್ತದೆ. ಕೆಲಸ ಆಗಬೇಕಾದರೆ ಅರ್ಜಿಯೂ ಬೇಕು. ಈಗ ನಮಗೆ ಅಕ್ಷರ ಬರುತ್ತದೆ. ಚಿತ್ರದ ಕೆಳಗೆ ಒಂದು ಸಾಲು ಬರೆಯೋಣ. ಅದೇ ಮಾತನ್ನು ಕಾಗದದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ ಪಂಚಾಯತಿಗೆ ಕೊಡೋಣ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು.

ಯೋಚಿಸಿ, ಬರೆಯಿರಿ:
ನಿಮ್ಮ ಊರಲ್ಲಿ ಏನು ಸರಿಯಾಗಬೇಕು? ಅದನ್ನು ತಿಳಿಸಲು ಯಾವ ಚಿತ್ರ ಬರೆಯುತ್ತೀರಿ? ಅದರ ಕೆಳಗೆ ಯಾವ ಸಾಲು ಬರೆಯುತ್ತೀರಿ?